ನಜೀರ್ ಸಾಬ್ ಮತ್ತು ಮಂಡಲದ ಎಲ್ಲೆ

ಮೈಸೂರಿನಿಂದ ಹುಣಸೂರಿಗೆ ಹೋಗುವ ಹೆದ್ದಾರಿಯಲ್ಲಿ ಇಲವಾಲವನ್ನು ದಾಟಿ ಮುಂದೆ ಸಾಗಿದರೆ ಬಿಳಿಕೆರೆ ಎಂಬ ಊರು ಸಿಗುತ್ತದೆ. ಇದು ಹುಣಸೂರು ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. ಇಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಕವಲು ಹುಣಸೂರು, ಪಿರಿಯಾಪಟ್ಟಣಗಳನ್ನು ಹಾಯ್ದು ಕೊಡಗಿನ ಕಡೆಗೆ ಸಾಗುತ್ತದೆ; ಇನ್ನೊಂದು ಕೃಷ್ಣರಾಜನಗರ, ಹೊಳೆನರಸೀಪುರಗಳ ಮಾರ್ಗವಾಗಿ ಹಾಸನವನ್ನು ಮುಟ್ಟುತ್ತದೆ. ದಾರಿ ಕೂಡುವ ಊರಿನಲ್ಲಿ ಅಂಗಡಿ, ಹೋಟೆಲು, ಉಗ್ರಾಣಗಳು ತಲೆಯೆತ್ತುವುದು ಸಹಜ. ಹೆದ್ದಾರಿಯನ್ನು ಬಿಟ್ಟು ಒಳಗೆ ನಡೆದರೆ ಹೊಗೆಸೊಪ್ಪು, ರಾಗಿ ಬೆಳೆಯುವ ಹೊಲಗಳು. ಹೊಲಗಳ ನಡುವೆ ಸಣ್ಣ ಸಣ್ಣ ಹಳ್ಳಿಗಳು.

ಹೆದ್ದಾರಿಯ ಅಂಗಡಿಯವನು ಕಟ್ಟಡದ ಕಂದಾಯ ಕೊಡುತ್ತಾನೆ. ಒಳಗಿನ ಹಳ್ಳಿಯ ಕೂಲಿಕಾರನೂ ತನ್ನ ಹೆಂಚಿನ ಮನೆಗೆ ಕಂದಾಯ ಕೊಡುತ್ತಾನೆ. ಮೊದಲನೆಯದು ದೊಡ್ಡ ಮೊತ್ತ, ಎರಡನೆಯದು ಸಣ್ಣ ಮೊತ್ತ. ಈ ಎರಡು ಹಣವೂ ಒಂದೇ ಪೆಟ್ಟಿಗೆಗೆ ಬೀಳಬೇಕೆ, ಬೇರೆ ಬೇರೆ ಪೆಟ್ಟಿಗೆಗೆ ಬೀಳಬೇಕೆ? ಅಂಗಡಿಯವನು ಕೊಟ್ಟ ಹಣದಿಂದ ಒಳಗಿನ ಹಳ್ಳಿಯ ಬೀದಿಗೆ ದೀಪ ಹಾಕಬಹುದೆ? ಇದಕ್ಕೆ ಉತ್ತರ ದೊರೆಯುವುದು ಪಂಚಾಯಿತಿಯ ಎಲ್ಲೆಯನ್ನು ಎಲ್ಲಿ ಎಳೆದಿದ್ದಾರೆ ಎಂಬುದನ್ನು ನೋಡಿದಾಗ. ಈ ಎಲ್ಲೆಯ ಪ್ರಶ್ನೆಯನ್ನು ಕರ್ನಾಟಕದ ಸಮಸ್ತ ಹಳ್ಳಿಗಳ ಮಟ್ಟಿಗೆ ಕೈಗೆತ್ತಿಕೊಂಡು, ಹೊಸದಾಗಿ ಬಗೆಹರಿಸಲು ಹೊರಟವರು ಅಬ್ದುಲ್ ನಜೀರ್ ಸಾಬ್.

ನಜೀರ್ ಸಾಬ್ ಅವರು ಗುಂಡ್ಲುಪೇಟೆಯವರು. ಗುಂಡ್ಲುಪೇಟೆ 1997ರಿಂದ ಚಾಮರಾಜನಗರ ಜಿಲ್ಲೆಗೆ ಸೇರಿದೆ. ಅವರ ಜೀವಿತಕಾಲದಲ್ಲಿ ಅದೂ ಹುಣಸೂರಿನಂತೆ ಮೈಸೂರು ಜಿಲ್ಲೆಯ ತಾಲ್ಲೂಕೇ ಆಗಿತ್ತು. ಬಂಡೀಪುರದ ಕಾಡಿನ ಅಂಚಿನಲ್ಲಿರುವ ಆ ಸೀಮೆ ಮಳೆಯನ್ನೇ ನಂಬಿದ ಬೆದ್ದಲು ಭೂಮಿ. ಅಲ್ಲಿಯ ಜನಕ್ಕೆ ಒಂದು ಕೊಡ ನೀರಿನ ಬೆಲೆ ಏನೆಂಬುದು ಯಾರೂ ಹೇಳಿಕೊಡದೆಯೇ ಗೊತ್ತು. ನಜೀರ್ ಸಾಬ್ ಅವರಿಗೂ ಅದು ಗೊತ್ತಿತ್ತು.

1983ರ ಜನವರಿಯಲ್ಲಿ ಕರ್ನಾಟಕದಲ್ಲಿ ಸರ್ಕಾರ ಬದಲಾಯಿತು. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಗಳಾದರು. ಅವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ನಜೀರ್ ಸಾಬ್ ಅವರ ಪಾಲಿಗೆ ಬಂದಿತು. ಅಧಿಕಾರವನ್ನೂ ಹೆಸರನ್ನೂ ಬಯಸುವವರು ಆಗ ಕೇಳಿ ಪಡೆಯುತ್ತಿದ್ದ ಖಾತೆ ಅದಲ್ಲ. ಆ ವರ್ಷಗಳು ಬರಗಾಲದ ವರ್ಷಗಳೂ ಆಗಿದ್ದುವು. ಬಾವಿಗಳು ಬತ್ತಿದ್ದುವು, ಹೆಂಗಸರು ಮೈಲಿಗಟ್ಟಲೆ ನಡೆದು ನೀರು ತರುತ್ತಿದ್ದರು. ನಜೀರ್ ಸಾಬ್ ಅವರು ಹಳ್ಳಿ ಹಳ್ಳಿಗೂ ಕೊಳವೆಬಾವಿ ಕೊರೆಸುವ ಕೆಲಸವನ್ನು ಹಟ ಹಿಡಿದು ನಡೆಸಿದರು. ಇನ್ನೂರೈವತ್ತು ಜನರಿಗೆ ಒಂದು ಕೊಳವೆಬಾವಿಯಾದರೂ ಇರಬೇಕೆಂಬುದು ಅವರು ಇಟ್ಟುಕೊಂಡ ಗುರಿ. ಕೈಪಂಪನ್ನು ಒತ್ತಿದಾಗ ನೀರು ಬಂದುದನ್ನು ಕಂಡ ಜನ ಅವರ ಹೆಸರನ್ನೇ ತಿದ್ದಿದರು. ನಜೀರ್ ಸಾಬ್ ಎಂಬುದು ಹಳ್ಳಿಗರ ಬಾಯಲ್ಲಿ ನೀರ್‌ಸಾಬ್ ಎಂದಾಯಿತು. ಸರ್ಕಾರ ಕೊಡುವ ಬಿರುದುಗಳಿಗಿಂತ ಇಂಥ ಬಿರುದು ದೊಡ್ಡದು. ಇದನ್ನು ಅರ್ಜಿ ಹಾಕಿ ಪಡೆಯಲು ಬರುವುದಿಲ್ಲ.

ನೀರಿನ ಕೆಲಸ ಎಷ್ಟೇ ಜರೂರಾಗಿದ್ದರೂ ಒಂದು ಮಾತು ಅವರನ್ನು ಕಾಡುತ್ತಿದ್ದಿತು. ಒಂದು ಹಳ್ಳಿಯ ಕೈಪಂಪು ಕೆಟ್ಟರೆ ಅದನ್ನು ಸರಿಪಡಿಸುವವರಿಗಾಗಿ ತಾಲ್ಲೂಕು ಕಚೇರಿಯ ಕಡೆಗೆ, ಕೆಲವೊಮ್ಮೆ ಬೆಂಗಳೂರಿನ ಕಡೆಗೆ ಮುಖಮಾಡಿ ಕೂರಬೇಕಾಗಿತ್ತು. ಊರಿನ ಕೆಲಸವನ್ನು ಊರೇ ತೀರ್ಮಾನಿಸುವ ಏರ್ಪಾಡು ಹೆಸರಿಗೆ ಇದ್ದಿತು. ನಮ್ಮ ರಾಜ್ಯದಲ್ಲಿ 1959ರ ಕಾಯಿದೆಯ ಪ್ರಕಾರ ಗ್ರಾಮ ಪಂಚಾಯಿತಿಗಳೂ ತಾಲ್ಲೂಕು ಅಭಿವೃದ್ಧಿ ಮಂಡಲಿಗಳೂ ಸ್ಥಾಪನೆಯಾಗಿದ್ದುವು. ಜಿಲ್ಲೆಯ ಮಟ್ಟದಲ್ಲಿ ಇದ್ದುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಒಂದು ಪರಿಷತ್ತು. ಅದು ಸಲಹೆ ಕೊಡಬಹುದಾಗಿತ್ತೇ ಹೊರತು ಆಜ್ಞೆ ಮಾಡುವಂತಿರಲಿಲ್ಲ. ಚುನಾವಣೆಗಳು ಕಾಲಕ್ಕೆ ಸರಿಯಾಗಿ ನಡೆಯುತ್ತಿರಲಿಲ್ಲ. ಗ್ರಾಮ ಪಂಚಾಯಿತಿಗಳಂತೂ ತೀರ ಸಣ್ಣವು. ಬರುವ ಮನೆಕಂದಾಯ ಗುಮಾಸ್ತನ ಸಂಬಳಕ್ಕೂ ಬೀದಿದೀಪದ ಬಿಲ್ಲಿಗೂ ಸಾಲದಂಥ ಪಂಚಾಯಿತಿಗಳು ಎಷ್ಟೋ ಇದ್ದುವು. ಹಣವಿಲ್ಲದ ಪಂಚಾಯಿತಿಗೆ ಅಧಿಕಾರ ಕೊಟ್ಟರೂ ಅದು ಎಣ್ಣೆಯಿಲ್ಲದ ದೀಪದಂತೆ.

ದೇಶದ ಮಟ್ಟದಲ್ಲಿ 1978ರಲ್ಲಿ ಅಶೋಕ ಮೆಹತಾ ಸಮಿತಿ ಒಂದು ವರದಿ ಕೊಟ್ಟಿತ್ತು. ಜಿಲ್ಲೆಗೆ ಒಂದು ಜಿಲ್ಲಾ ಪರಿಷತ್ತು, ಅದರ ಕೆಳಗೆ ಹಲವು ಹಳ್ಳಿಗಳನ್ನು ಕೂಡಿಸಿದ ಮಂಡಲ ಪಂಚಾಯಿತಿ, ಹೀಗೆ ಎರಡು ಹಂತಗಳಿರಬೇಕೆಂಬುದು ಆ ಸಮಿತಿಯ ಸಲಹೆ. ಮಂಡಲವೊಂದರಲ್ಲಿ ಹದಿನೈದರಿಂದ ಇಪ್ಪತ್ತು ಸಾವಿರ ಜನ ಇರಬಹುದೆಂದು ಅದು ಸೂಚಿಸಿತ್ತು. ನಜೀರ್ ಸಾಬ್ ಅವರು ಈ ಹಾದಿಯನ್ನು ಹಿಡಿದರು. ಆದರೆ ಸಂಖ್ಯೆಯನ್ನು ಕಡಮೆ ಮಾಡಿದರು. ಅವರು ವಿಧಾನಮಂಡಲದ ಮುಂದಿಟ್ಟ 1983ರ ಮಸೂದೆಯಲ್ಲಿ ಮಂಡಲದ ಜನಸಂಖ್ಯೆ ಎಂಟರಿಂದ ಹನ್ನೆರಡು ಸಾವಿರ ಎಂದಿದ್ದಿತು. ಮನೆಗಳು ಚದುರಿಕೊಂಡಿರುವ ಮಲೆನಾಡಿಗೆ ಇದಕ್ಕಿಂತ ಕಡಮೆ ಸಂಖ್ಯೆ ಸಾಕೆಂದಾಯಿತು. ಜನ ತಮ್ಮ ಪಂಚಾಯಿತಿಯ ಕಚೇರಿಗೆ ನಡೆದು ಹೋಗಿ, ಕೆಲಸ ಮುಗಿಸಿಕೊಂಡು, ಹೊತ್ತು ಮುಳುಗುವುದರೊಳಗೆ ಮನೆಗೆ ಹಿಂತಿರುಗುವಂತಿರಬೇಕು. ಅದೇ ವೇಳೆಗೆ ಒಬ್ಬ ಕಾರ್ಯದರ್ಶಿಯನ್ನು ಇಟ್ಟುಕೊಂಡು ನಾಲ್ಕು ಕೆಲಸ ಮಾಡುವಷ್ಟು ಆದಾಯವೂ ಪಂಚಾಯಿತಿಗೆ ಇರಬೇಕು. ಈ ಎರಡು ಅಗತ್ಯಗಳು ಒಂದನ್ನೊಂದು ಎಳೆದಾಡುತ್ತವೆ. ಎಂಟರಿಂದ ಹನ್ನೆರಡು ಸಾವಿರ ಎಂಬುದು ಇವೆರಡರ ನಡುವೆ ಹುಡುಕಿದ ಒಂದು ನೆಲೆ.

ಮಂಡಲದ ಎಲ್ಲೆ ಹಳೆಯ ಎಲ್ಲೆಗಳಿಗಿಂತ ಭಿನ್ನವಾದದ್ದು. ಗ್ರಾಮ, ಹೋಬಳಿ, ತಾಲ್ಲೂಕು ಎಂಬ ಎಲ್ಲೆಗಳು ಮುಖ್ಯವಾಗಿ ಭೂಕಂದಾಯದ ವಸೂಲಿಗಾಗಿ ಬೆಳೆದು ಬಂದವು. ಗ್ರಾಮದ ಎಲ್ಲೆಗೆ ಕಲ್ಲು ನೆಟ್ಟಿರುತ್ತಾರೆ, ನಕ್ಷೆಯಲ್ಲಿ ಗೆರೆ ಇರುತ್ತದೆ. ಅದು ಭೂಮಿಯ ಲೆಕ್ಕ. ಮಂಡಲದ್ದು ಜನರ ಲೆಕ್ಕ. ಕಂದಾಯ ಗ್ರಾಮಗಳನ್ನು ಒಡೆಯದೆ, ನೆರೆಯ ಗ್ರಾಮಗಳನ್ನು ಒಂದಕ್ಕೊಂದು ಕೂಡಿಸುತ್ತ ಹೋಗಿ, ತಲೆಗಳ ಸಂಖ್ಯೆ ಸರಿಹೊಂದಿದಾಗ ನಿಲ್ಲಿಸಬೇಕು. ಇಂಥಿಂಥ ಗ್ರಾಮಗಳು ಸೇರಿ ಒಂದು ಮಂಡಲ, ಇಂಥ ಊರು ಅದರ ಕೇಂದ್ರ ಎಂದು ಜಿಲ್ಲಾಧಿಕಾರಿಗಳು ಪ್ರಕಟಣೆ ಹೊರಡಿಸಬೇಕು.

ಹೇಳಲು ಇದು ಸುಲಭ. ಆದರೆ ಊರು ಎಂಬುದು ತಲೆಗಳ ಸಂಖ್ಯೆ ಮಾತ್ರವಲ್ಲ. ಎರಡು ಹಳ್ಳಿಗಳ ನಡುವೆ ಹಳ್ಳವಿರಬಹುದು, ಮಳೆಗಾಲದಲ್ಲಿ ಅದನ್ನು ದಾಟಲಾಗದೆ ಹೋಗಬಹುದು. ಕೆರೆಯ ನೀರಿಗಾಗಿ ಹಿಂದಿನಿಂದ ಬಂದ ವ್ಯಾಜ್ಯವಿರಬಹುದು. ಯಾವ ಊರು ಕೇಂದ್ರವಾಗಬೇಕೆಂಬುದಂತೂ ಬಿಸಿಬಿಸಿ ಚರ್ಚೆಯ ವಿಷಯ. ಕೇಂದ್ರವಾದ ಊರಿಗೆ ಕಚೇರಿ ಬರುತ್ತದೆ, ಕಚೇರಿಯ ಹಿಂದೆ ಅಂಗಡಿ ಬರುತ್ತದೆ, ಬಸ್ಸು ನಿಲ್ಲುತ್ತದೆ. ತನ್ನ ಊರಿನ ಹೆಸರಿನಲ್ಲಿದ್ದ ಪಂಚಾಯಿತಿ ಹೋಗಿ ಪಕ್ಕದ ಊರಿನ ಹೆಸರಿನ ಮಂಡಲ ಬಂದಾಗ ಹಿರಿಯರಿಗೆ ನೋವಾಗುತ್ತದೆ. ಆ ಮಮತೆ ಲೆಕ್ಕದ ಪುಸ್ತಕಕ್ಕೆ ಅರ್ಥವಾಗುವಂಥದಲ್ಲ. ಹಾಗೆಂದು ಅದನ್ನು ಹಗುರವಾಗಿ ಕಾಣುವುದೂ ತಪ್ಪು.

ಸಣ್ಣ ಊರು ದೊಡ್ಡ ಮಂಡಲದಲ್ಲಿ ಕಳೆದುಹೋಗಬಾರದೆಂದು ನಜೀರ್ ಸಾಬ್ ಅವರ ಕಾಯಿದೆ ಒಂದು ಉಪಾಯವನ್ನು ಮಾಡಿತು. ಅದೇ ಗ್ರಾಮ ಸಭೆ. ಪಂಚಾಯಿತಿ ಹಲವು ಹಳ್ಳಿಗಳಿಗೆ ಒಂದೇ ಆದರೂ ಗ್ರಾಮ ಸಭೆ ಪ್ರತಿ ಹಳ್ಳಿಗೂ ಉಂಟು. ಊರಿನ ಮತದಾರರೆಲ್ಲರೂ ಅದರ ಸದಸ್ಯರು. ವರ್ಷಕ್ಕೆ ಎರಡು ಸಲವಾದರೂ ಅದು ಸೇರಬೇಕು. ಮಂಡಲದವರು ಏನು ಮಾಡಿದರು, ಏನು ಮಾಡಲಿದ್ದಾರೆ ಎಂಬುದನ್ನು ಅಲ್ಲಿ ಕೇಳಬಹುದು. ಆಸ್ತಿಯುಳ್ಳವನೂ ಇಲ್ಲದವನೂ ಒಂದೇ ಜಮಖಾನೆಯ ಮೇಲೆ ಕುಳಿತು ಲೆಕ್ಕ ಕೇಳುವ ಹಕ್ಕು ಇದರಿಂದ ಕಾಯಿದೆಯ ಅಕ್ಷರದಲ್ಲಿ ಮೂಡಿತು.

ಇನ್ನು ಹಣದ ಮಾತು. ಮನೆಗಳ ಮೇಲೆ, ಅಂಗಡಿ ಮುಂತಾದ ಕಟ್ಟಡಗಳ ಮೇಲೆ, ಬೇಸಾಯಕ್ಕೆ ಒಳಪಡದ ನಿವೇಶನಗಳ ಮೇಲೆ ಕಂದಾಯ ಹಾಕುವ ಅಧಿಕಾರ ಮಂಡಲ ಪಂಚಾಯಿತಿಗೆ ಸೇರಿದ್ದಾಗಿತ್ತು. ನೀರಿನ ತೆರಿಗೆ, ಸಂತೆಯ ಶುಲ್ಕ ಇವೂ ಅದರವೇ. ಎಲ್ಲೆ ಎಳೆಯುವುದೆಂದರೆ ಈ ಹಣವನ್ನು ಹಂಚಿದಂತೆಯೇ ಎಂಬುದು ಒಂದು ಲೆಕ್ಕದಿಂದ ಸ್ಪಷ್ಟವಾಗುತ್ತದೆ. ನಾಲ್ಕು ಹಳ್ಳಿಗಳ ಒಂದು ಮಂಡಲವನ್ನು ಊಹಿಸಿಕೊಳ್ಳೋಣ. ಹೆದ್ದಾರಿಯ ಮೇಲಿನ ದೊಡ್ಡ ಊರಿನಲ್ಲಿ 4,000 ಜನ. ಅಲ್ಲಿಯ ಅಂಗಡಿಗಳೂ ಮನೆಗಳೂ ಸೇರಿ ವರ್ಷಕ್ಕೆ 20,000 ರೂಪಾಯಿ ಕಂದಾಯ ಕೊಡುತ್ತವೆ. ಒಳಗಿನ ಮೂರು ಹಳ್ಳಿಗಳಲ್ಲಿ ಒಟ್ಟು 5,500 ಜನ; ಅವುಗಳ ಕಂದಾಯ ಕೇವಲ 8,000 ರೂಪಾಯಿ. ಬೇರೆ ಬೇರೆ ಪಂಚಾಯಿತಿಗಳಾಗಿದ್ದರೆ ದೊಡ್ಡ ಊರಿಗೆ ತಲೆಗೆ ಐದು ರೂಪಾಯಿ ಸಿಗುತ್ತದೆ. ಒಳಗಿನವರಿಗೆ ಒಂದೂವರೆ ರೂಪಾಯಿಯೂ ಸಿಗುವುದಿಲ್ಲ. ಎಲ್ಲವನ್ನೂ ಕೂಡಿಸಿ ಒಂದೇ ಮಂಡಲ ಮಾಡಿದರೆ 9,500 ಜನರಿಗೆ 28,000 ರೂಪಾಯಿ, ಅಂದರೆ ತಲೆಗೆ ಹೆಚ್ಚುಕಡಮೆ ಮೂರು ರೂಪಾಯಿ ಆಗುತ್ತದೆ. ಹೊಸ ತೆರಿಗೆಯನ್ನೇನೂ ಹಾಕಿಲ್ಲ, ಒಂದು ಗೆರೆಯನ್ನು ಅಳಿಸಿದೆ, ಅಷ್ಟೆ.

ದೊಡ್ಡ ಊರಿನವರು ಇದಕ್ಕೆ ಸುಮ್ಮನೆ ಒಪ್ಪುತ್ತಾರೆಯೆ? ತಮ್ಮ ಹಣ ತಮ್ಮ ಚರಂಡಿಗೆ ಸಾಲದಿರುವಾಗ ಪರವೂರಿನ ರಸ್ತೆಗೆ ಏಕೆ ಹೋಗಬೇಕೆಂದು ಕೇಳುವುದು ನ್ಯಾಯವೇ. ಐನೂರು ಜನರಿಗೆ ಒಬ್ಬ ಸದಸ್ಯ ಎಂಬುದು ಕಾಯಿದೆಯ ಕ್ರಮ. ಮೇಲೆ ಹೇಳಿದ ಮಂಡಲದಲ್ಲಿ ಹತ್ತೊಂಬತ್ತು ಮಂದಿ ಸದಸ್ಯರಾದರೆ, ಹೆಚ್ಚು ಕಂದಾಯ ಕೊಡುವ ಊರಿನವರು ಎಂಟು ಮಂದಿ, ಕಡಮೆ ಕೊಡುವ ಮೂರು ಊರುಗಳವರು ಹನ್ನೊಂದು ಮಂದಿ. ಒಳಗಿನವರು ಒಂದಾಗಿ ನಿಂತರೆ ಹಣವೆಲ್ಲ ಒಳಗೇ ಹೋಗಬಹುದು. ಒಂದು ಹಳ್ಳಿ ದೊಡ್ಡ ಊರಿನ ಪಕ್ಷಕ್ಕೆ ಸೇರಿದರೆ ಉಳಿದ ಎರಡು ಹಳ್ಳಿಗಳು ದೀಪವಿಲ್ಲದೆ ಉಳಿಯಬಹುದು. ಯಾವ ಎಲ್ಲೆಯೂ ಈ ಜಗಳವನ್ನು ತೊಡೆದುಹಾಕಲಾರದು. ತಾಲ್ಲೂಕು ಕಚೇರಿಯ ಕಡತದಲ್ಲಿ ಮುಚ್ಚಿ ಹೋಗುತ್ತಿದ್ದ ಜಗಳ ಊರಿನ ಚಾವಡಿಯಲ್ಲಿ, ಎಲ್ಲರ ಕಣ್ಣೆದುರಿಗೆ ನಡೆಯುವಂತಾಯಿತು ಎಂಬುದೇ ಇಲ್ಲಿನ ಲಾಭ.

ಕೇವಲ ಮನೆಕಂದಾಯವನ್ನು ನಂಬಿದರೆ ಬಡ ಮಂಡಲ ಬಡವಾಗಿಯೇ ಉಳಿಯುತ್ತದೆ ಎಂಬುದನ್ನೂ ಕಾಯಿದೆ ಮರೆಯಲಿಲ್ಲ. ಹೆದ್ದಾರಿಯೇ ಇಲ್ಲದ ಸೀಮೆಯಲ್ಲಿ ಎಲ್ಲೆಯನ್ನು ಹೇಗೆ ಎಳೆದರೂ ಕೂಡಿಸಲು ಸಿರಿವಂತ ಊರು ಸಿಗುವುದಿಲ್ಲ. ಆದುದರಿಂದ ಸರ್ಕಾರ ತನ್ನ ಬೊಕ್ಕಸದಿಂದ ಜನಸಂಖ್ಯೆಗೆ ತಕ್ಕಂತೆ ಮಂಡಲಗಳಿಗೆ ಅನುದಾನ ಕೊಡುವ ಏರ್ಪಾಡಾಯಿತು. ರಾಜ್ಯದ ಯೋಜನೆಯ ಹಣವನ್ನು ರಾಜ್ಯ ವಲಯ, ಜಿಲ್ಲಾ ವಲಯ ಎಂದು ಎರಡಾಗಿ ವಿಂಗಡಿಸಿ, ಜಿಲ್ಲೆಯ ಪಾಲನ್ನು ಆಯವ್ಯಯದ ಜೊತೆಯಲ್ಲಿಯೇ ಪ್ರತ್ಯೇಕವಾಗಿ ತೋರಿಸುವ ಪದ್ಧತಿ ಬಂದಿತು. ತನಗೆ ಎಷ್ಟು ಹಣ ಬರುತ್ತದೆ ಎಂಬುದು ಜಿಲ್ಲಾ ಪರಿಷತ್ತಿಗೆ ಮೊದಲೇ ತಿಳಿಯುವಂತಾಯಿತು. ಆದರೆ ಇದರಲ್ಲಿ ಒಂದು ಕೊರತೆ ಉಳಿಯಿತು. ಮೇಲಿನಿಂದ ಬಂದ ಹಣದ ದೊಡ್ಡ ಭಾಗ ಸಂಬಳಕ್ಕೂ ಗೊತ್ತುಪಡಿಸಿದ ಯೋಜನೆಗಳಿಗೂ ಕಟ್ಟುಬಿದ್ದಿತ್ತು. ಸ್ವಂತ ಇಚ್ಛೆಯಂತೆ ವೆಚ್ಚ ಮಾಡಲು ಮಂಡಲಕ್ಕೆ ಉಳಿಯುತ್ತಿದ್ದುದು ಮುಖ್ಯವಾಗಿ ಅದೇ ಮನೆಕಂದಾಯ. ಅದನ್ನು ಹೆಚ್ಚಿಸಲು, ಬಾಕಿಯನ್ನು ವಸೂಲು ಮಾಡಲು ಸದಸ್ಯರಿಗೆ ಮನಸ್ಸು ಬಾರದು. ಕಂದಾಯ ಕೇಳಬೇಕಾದವನು ನೆಂಟ ಅಥವಾ ನೆರೆಯವನು; ನಾಳೆ ಮತ ಕೇಳಬೇಕಾದದ್ದೂ ಅವನನ್ನೇ.

ಮಸೂದೆ ಕಾಯಿದೆಯಾದ ದಾರಿ ಸುಗಮವಾಗಿರಲಿಲ್ಲ. ಕೊಳವೆಬಾವಿ ಎಲ್ಲಿ ಕೊರೆಯಬೇಕು, ರಸ್ತೆ ಯಾವ ಊರಿಗೆ ಆಗಬೇಕು ಎಂಬುದನ್ನು ತೀರ್ಮಾನಿಸುವ ಅಧಿಕಾರ ಜಿಲ್ಲಾ ಪರಿಷತ್ತಿಗೂ ಮಂಡಲಕ್ಕೂ ಹೋದರೆ ಶಾಸಕರ ಕೈಯಲ್ಲಿ ಉಳಿಯುವುದೇನು? ಈ ಅಳುಕು ವಿರೋಧ ಪಕ್ಷದಲ್ಲಿ ಮಾತ್ರವಲ್ಲ, ಆಳುವ ಪಕ್ಷದಲ್ಲಿಯೂ ಇದ್ದಿತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ದೊರೆಯಿತು. ಅವರ ಕೈಕೆಳಗೆ ದುಡಿಯುವ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿಯಾಗಿದ್ದರು. ಬ್ರಿಟಿಷರ ಕಾಲದಿಂದ ಜಿಲ್ಲೆಗೆ ದೊರೆಯಂತಿದ್ದ ಜಿಲ್ಲಾಧಿಕಾರಿಯ ಹುದ್ದೆಗೆ ಇದು ಹೊಸ ಅನುಭವ. ನಜೀರ್ ಸಾಬ್ ಅವರು ಒಬ್ಬೊಬ್ಬರನ್ನೂ ಒಲಿಸಬೇಕಾಯಿತು. ಮುಖ್ಯಮಂತ್ರಿಗಳ ಬೆಂಬಲ ಅವರ ಬೆನ್ನಿಗಿತ್ತು. ವಿಧಾನಮಂಡಲದ ಒಪ್ಪಿಗೆ ಪಡೆದ ಮಸೂದೆ ರಾಷ್ಟ್ರಪತಿಗಳ ಅಂಕಿತಕ್ಕಾಗಿ ದೆಹಲಿಗೆ ಹೋಯಿತು. ಅಂಕಿತ ಬಿದ್ದದ್ದು 1985ರಲ್ಲಿ.

1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ರಾಜ್ಯದಲ್ಲಿ ಜಿಲ್ಲೆಗೊಂದರಂತೆ ಜಿಲ್ಲಾ ಪರಿಷತ್ತುಗಳು. 2,500ಕ್ಕೂ ಮಿಕ್ಕಿದ ಮಂಡಲ ಪಂಚಾಯಿತಿಗಳು. ಅವುಗಳಿಗೆ 55,000ಕ್ಕೂ ಹೆಚ್ಚು ಸದಸ್ಯರು. ಹದಿನೆಂಟು ವರ್ಷ ತುಂಬಿದವರು ಲೋಕಸಭೆಗೆ ಮತ ಹಾಕುವ ಹಕ್ಕನ್ನು ಇನ್ನೂ ಪಡೆದಿರಲಿಲ್ಲ. ಈ ಚುನಾವಣೆಯಲ್ಲಿ ಅವರು ಮತ ಹಾಕಿದರು. ನೂರಕ್ಕೆ ಇಪ್ಪತ್ತೈದು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿದ್ದರು. ಸೆರಗು ತಲೆಗೆಳೆದುಕೊಂಡು ಬಾಗಿಲ ಹಿಂದೆ ನಿಂತು ಮಾತನಾಡುತ್ತಿದ್ದ ಹೆಣ್ಣುಮಕ್ಕಳು ಮಂಡಲದ ಸಭೆಯಲ್ಲಿ ಕುರ್ಚಿಯ ಮೇಲೆ ಕುಳಿತರು. ಮೊದಮೊದಲು ಎಷ್ಟೋ ಕಡೆ ಅವರ ಪರವಾಗಿ ಗಂಡಂದಿರೇ ಮಾತನಾಡಿದರೆಂಬುದೂ ನಿಜ.

ಹೊಸ ವ್ಯವಸ್ಥೆಯ ಗುಣದೋಷಗಳನ್ನು ಪರಿಶೀಲಿಸಲು ಅರ್ಥಶಾಸ್ತ್ರಜ್ಞ ಕೆ.ಎಸ್. ಕೃಷ್ಣಸ್ವಾಮಿ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. ಅದು 1989ರಲ್ಲಿ ವರದಿ ನೀಡಿತು. ಹಳ್ಳಿಯ ಶಾಲೆಗೆ ಉಪಾಧ್ಯಾಯರೂ ಆಸ್ಪತ್ರೆಗೆ ವೈದ್ಯರೂ ಮೊದಲಿಗಿಂತ ಕ್ರಮವಾಗಿ ಬರುತ್ತಿದ್ದಾರೆಂಬುದು ಆ ಕಾಲದಲ್ಲಿ ಎದ್ದು ಕಂಡ ಬದಲಾವಣೆ. ಬಾರದಿದ್ದರೆ ಕೇಳುವವರು ಈಗ ಪಕ್ಕದ ಬೀದಿಯಲ್ಲಿಯೇ ಇದ್ದರು. ಗ್ರಾಮ ಸಭೆಗಳು ಮಾತ್ರ ನಜೀರ್ ಸಾಬ್ ಅವರು ಬಯಸಿದಂತೆ ನಡೆಯಲಿಲ್ಲ. ಲೆಕ್ಕ ಕೇಳಿಸಿಕೊಳ್ಳುವುದು ಯಾರಿಗೆ ತಾನೆ ಇಷ್ಟ? ಎಷ್ಟೋ ಮಂಡಲಗಳ ಪ್ರಧಾನರು ಸಭೆ ಕರೆಯುವುದನ್ನು ಮುಂದೂಡುತ್ತ ಬಂದರು.

ಆ ವರದಿ ಬರುವ ವೇಳೆಗೆ ನಜೀರ್ ಸಾಬ್ ಅವರು ಇರಲಿಲ್ಲ. ಕ್ಯಾನ್ಸರ್ ರೋಗಕ್ಕೆ ತುತ್ತಾಗಿ ಅವರು 1988ರಲ್ಲಿ ತೀರಿಕೊಂಡರು. ತಾವು ನೆಟ್ಟ ಗಿಡ ಎರಡು ಮಳೆಗಾಲವನ್ನು ಕಂಡುದನ್ನಷ್ಟೇ ಅವರು ನೋಡಿದ್ದರು.

ಅವರು ಎಳೆದ ಎಲ್ಲೆಗಳೂ ಹೆಚ್ಚು ಕಾಲ ಉಳಿಯಲಿಲ್ಲ. 1992ರ ಜನವರಿಯಲ್ಲಿ ಮಂಡಲಗಳ ಅವಧಿ ಮುಗಿಯಿತು; ಚುನಾವಣೆ ನಡೆಸುವ ಬದಲು ಆಗಿನ ಸರ್ಕಾರ ಆಡಳಿತಾಧಿಕಾರಿಗಳನ್ನು ನೇಮಿಸಿತು. ಅಷ್ಟರಲ್ಲಿ ದೇಶದ ಸಂವಿಧಾನಕ್ಕೆ 73ನೆಯ ತಿದ್ದುಪಡಿಯಾಗಿ, 1993ರ ಏಪ್ರಿಲ್ 24ರಿಂದ ಜಾರಿಗೆ ಬಂದಿತು. ಐದು ವರ್ಷಕ್ಕೊಮ್ಮೆ ಚುನಾವಣೆ, ಮಹಿಳೆಯರಿಗೆ ಮೂರರಲ್ಲಿ ಒಂದು ಪಾಲು ಸ್ಥಾನ, ಹಣ ಹಂಚಿಕೆಯನ್ನು ಪರಿಶೀಲಿಸಲು ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗ, ಇವೆಲ್ಲ ದೇಶಕ್ಕೆಲ್ಲ ಕಡ್ಡಾಯವಾದುವು. ಅದಕ್ಕೆ ಅನುಗುಣವಾಗಿ ಕರ್ನಾಟಕದಲ್ಲಿ ಬಂದ 1993ರ ಕಾಯಿದೆ ಮಂಡಲವನ್ನು ಕೈಬಿಟ್ಟು, ಐದರಿಂದ ಏಳು ಸಾವಿರ ಜನರಿಗೆ ಒಂದು ಗ್ರಾಮ ಪಂಚಾಯಿತಿ ಎಂದಿತು. 2,500ರಷ್ಟಿದ್ದ ಮಂಡಲಗಳು ಒಡೆದು ಐದೂವರೆ ಸಾವಿರಕ್ಕೂ ಹೆಚ್ಚು ಪಂಚಾಯಿತಿಗಳಾದುವು. ಸಣ್ಣ ಊರುಗಳಿಗೆ ಕಚೇರಿ ಹತ್ತಿರವಾಯಿತು. ಹೆದ್ದಾರಿಯ ಊರಿನಿಂದ ಬೇರೆಯಾದ ಹಳ್ಳಿಗಳಿಗೆ ಅಲ್ಲಿಯ ಕಂದಾಯದ ಪಾಲು ತಪ್ಪಿತು.

ಎಲ್ಲೆಯ ಪ್ರಶ್ನೆ ಅಲ್ಲಿಗೇ ನಿಲ್ಲಲಿಲ್ಲ. ಬಿಳಿಕೆರೆಯಿಂದ ಮೈಸೂರಿಗೆ ಬರುವ ಅದೇ ಹೆದ್ದಾರಿಯ ಮೇಲೆ, ನಗರಕ್ಕೆ ತಾಗಿಕೊಂಡು ಹೂಟಗಳ್ಳಿ ಇದೆ. ಕಾರ್ಖಾನೆಗಳೂ ಹೊಸ ಬಡಾವಣೆಗಳೂ ಬೆಳೆದು ಅದು ಹಳ್ಳಿಯ ಲಕ್ಷಣವನ್ನು ಕಳೆದುಕೊಂಡಿತು. 2020ರ ಸುಮಾರಿಗೆ ಹೂಟಗಳ್ಳಿ ನಗರಸಭೆಯಾಯಿತು. ಮೈಸೂರಿನ ಸುತ್ತಣ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದುವು. ಊರು ಪಂಚಾಯಿತಿಯ ಎಲ್ಲೆಯಿಂದ ಪೌರಾಡಳಿತದ ಎಲ್ಲೆಗೆ ದಾಟಿದರೆ ಅದರ ಮನೆ, ಅಂಗಡಿ, ಕಾರ್ಖಾನೆಗಳ ಕಂದಾಯವೂ ಅದರೊಡನೆ ದಾಟುತ್ತದೆ. ಪಕ್ಕದಲ್ಲಿ ಪಂಚಾಯಿತಿಯಾಗಿಯೇ ಉಳಿದ ಹಳ್ಳಿ, ಮೊದಲು ಒಟ್ಟಿಗಿದ್ದ ಊರಿನ ಆದಾಯವನ್ನು ದೂರದಿಂದ ನೋಡಬೇಕಾಗುತ್ತದೆ.

ಮೈಸೂರಿನ ಲಲಿತಮಹಲ್ ರಸ್ತೆಯಲ್ಲಿ ನಜೀರ್ ಸಾಬ್ ಅವರ ಹೆಸರನ್ನು ಹೊತ್ತ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇದೆ. ಚುನಾವಣೆಯಲ್ಲಿ ಹೊಸದಾಗಿ ಗೆದ್ದ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವುದು ಅದರ ಮುಖ್ಯ ಕೆಲಸಗಳಲ್ಲಿ ಒಂದು. ಗ್ರಾಮ ಸಭೆಯನ್ನು ಕರೆಯುವುದು ಹೇಗೆ, ಆಯವ್ಯಯ ತಯಾರಿಸುವುದು ಹೇಗೆ, ಕಂದಾಯದ ಬಾಕಿಯನ್ನು ವಸೂಲು ಮಾಡುವುದು ಹೇಗೆ ಎಂಬ ವಿಷಯಗಳನ್ನು ಹಳ್ಳಿಗಳಿಂದ ಬಂದ ಗಂಡಸರೂ ಹೆಂಗಸರೂ ಅಲ್ಲಿ ಕಲಿಯುತ್ತಾರೆ.